ಗೋಡೆಯಾಚೆಯ ನಲ್ಲಿ

ನಗರವಾಸಿಗಳಲ್ಲಿ ಒಂದು ದೂರು ಸಾಮಾನ್ಯವಾಗಿದೆ. ನೆರೆಮನೆಯವರ ಮಾತು ಕೇಳಿಸುವುದಿಲ್ಲ. ಆದರೆ ಅವರು ನಲ್ಲಿ ತಿರುಗಿಸಿದುದು, ಶೌಚಾಲಯದಲ್ಲಿ ನೀರು ಬಿಟ್ಟುದು, ನಡುರಾತ್ರಿ ಪಂಪು ಹಾಕಿದುದು ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತದೆ. ಬೆಂಗಳೂರಿನಂತಹ ಊರುಗಳಲ್ಲಿ ಒಂದೇ ಗೋಡೆಯನ್ನು ಹಂಚಿಕೊಂಡ ಮನೆಗಳಲ್ಲಿ ವಾಸಿಸುವವರು ಬಹಳ. ಪರೀಕ್ಷೆಗೆ ಓದುವ ವಿದ್ಯಾರ್ಥಿಗೂ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಕಾರ್ಮಿಕನಿಗೂ ಇದು ಸಣ್ಣ ತೊಂದರೆಯಲ್ಲ. ಇದನ್ನು ನೆರೆಯವರ ಅವಿವೇಕವೆಂದು ಬಗೆದು ಜಗಳಕ್ಕೆ ನಿಲ್ಲುವವರುಂಟು. ದೋಷವು ಬಹುಮಟ್ಟಿಗೆ ನೆರೆಯವರದಲ್ಲ, ಮನೆ ಕಟ್ಟಿದ ಕ್ರಮದ್ದು ಎಂಬುದು ನಮ್ಮ ಅಭಿಪ್ರಾಯ.

ಮಾತನ್ನು ತಡೆಯುವ ಗೋಡೆಯು ನೀರಿನ ಸದ್ದನ್ನೇಕೆ ತಡೆಯದು? ಮಾತಿನ ಅಲೆಗಳು ಹಗುರವಾದ ಗಾಳಿಯಲ್ಲಿ ಬಂದು ಭಾರವಾದ ಇಟ್ಟಿಗೆಯ ಗೋಡೆಗೆ ಬಡಿದಾಗ ಬಹುಪಾಲು ಹಿಂದಿರುಗುತ್ತವೆ. ಕೊಳವೆಯಾದರೋ ಗೋಡೆಗೇ ಬಿಗಿಯಲ್ಪಟ್ಟಿದೆ. ಅದರ ಕಂಪನವು ಗಾಳಿಯ ಹಂಗಿಲ್ಲದೆ ನೇರವಾಗಿ ಗೋಡೆಗೆ ಇಳಿಯುತ್ತದೆ. ಶ್ರುತಿಕವೆಯನ್ನು ಮಿಡಿದು ಕೈಯಲ್ಲಿ ಹಿಡಿದರೆ ನಾದ ಕ್ಷೀಣ. ಅದರ ಹಿಡಿಯನ್ನು ಮೇಜಿಗೆ ಒತ್ತಿದರೆ ನಾದ ಕೊಠಡಿಯನ್ನೆಲ್ಲ ತುಂಬುತ್ತದೆ. ಸಪೂರವಾದ ಕೊಳವೆಯೇ ಶ್ರುತಿಕವೆ, ವಿಶಾಲವಾದ ಗೋಡೆಯೇ ಮೇಜು.

ಕೊಳವೆಯು ಸದ್ದನ್ನು ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಹಳೆಯ ಪ್ರಯೋಗವೊಂದಿದೆ. 1808ರಲ್ಲಿ ಫ್ರಾನ್ಸಿನ ಬಿಯೋ ಎಂಬ ವಿಜ್ಞಾನಿಯು ಪ್ಯಾರಿಸಿನಲ್ಲಿ 951 ಮೀಟರ್ ಉದ್ದದ ಕಬ್ಬಿಣದ ಕೊಳವೆಸಾಲಿನ ಒಂದು ತುದಿಯಲ್ಲಿ ಬಡಿಸಿ ಇನ್ನೊಂದು ತುದಿಯಲ್ಲಿ ಆಲಿಸಿದನು. ಎರಡು ಸದ್ದುಗಳು ಕೇಳಿಸಿದುವು: ಮೊದಲನೆಯದು ಕಬ್ಬಿಣದ ಮೂಲಕ, ಸುಮಾರು 2.5 ಸೆಕೆಂಡುಗಳ ಬಳಿಕ ಎರಡನೆಯದು ಗಾಳಿಯ ಮೂಲಕ. ಸುಮಾರು ಒಂದು ಕಿಲೋಮೀಟರ್ ಸಾಗಿದ ಸದ್ದಿಗೆ ಎರಡು ಮನೆಗಳ ನಡುವಣ ಅಂತರವು ಯಾವ ಲೆಕ್ಕ!

ಸದ್ದಿನ ಮೂಲವೂ ಒಂದೇ ಅಲ್ಲ. ಅರೆ ತೆರೆದ ನಲ್ಲಿಯ ಇಕ್ಕಟ್ಟಿನಲ್ಲಿ ನೀರು ಸುಳಿಗಳಾಗಿ ಒಡೆದು ಸಿಳ್ಳು ಹಾಕುತ್ತದೆ. ಹರಿವ ನೀರನ್ನು ಥಟ್ಟನೆ ತಡೆದರೆ ಕೊಳವೆಯಲ್ಲಿ ಸುತ್ತಿಗೆಯ ಪೆಟ್ಟು ಬಿದ್ದಂತಾಗುತ್ತದೆ. ಇದನ್ನು 1897-98ರಲ್ಲಿ ಮಾಸ್ಕೋದ ಝುಕೋವ್‌ಸ್ಕಿಯು ಪ್ರಯೋಗಗಳಿಂದ ವಿವರಿಸಿದನು. ಸೆಕೆಂಡಿಗೆ 1 ಮೀಟರ್ ವೇಗದ ನೀರು ಲೋಹದ ಕೊಳವೆಯಲ್ಲಿ ಹಠಾತ್ತನೆ ನಿಂತರೆ, ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 12 ಪಟ್ಟಿನಷ್ಟು ಏರಬಹುದು.

ಇಂತಿರುವಲ್ಲಿ ಗೋಡೆಯನ್ನು ದಪ್ಪಗೊಳಿಸಿ ಫಲವೇನು? ಕಂಪನವು ಗೋಡೆಯನ್ನು ಸೇರದಂತೆ ತಡೆಯುವುದೇ ಸರಿಯಾದ ಮಾರ್ಗ. ಕೊಳವೆಯ ಹಿಡಿಕೆಗಳಿಗೆ ರಬ್ಬರಿನ ಪಟ್ಟಿ ಹಾಕಬೇಕು. ಪಂಪನ್ನು ರಬ್ಬರಿನ ಮೆತ್ತೆಯ ಮೇಲೆ ಕೂರಿಸಬೇಕು. ಮಲಗುವ ಕೋಣೆಯ ಪಾಲುಗೋಡೆಯಲ್ಲಿ ಕೊಳವೆಯನ್ನು ಹುದುಗಿಸಲೇಬಾರದು. ಇದರಿಂದ ವೆಚ್ಚ ಹೆಚ್ಚುವುದೆಂದು ಕೆಲವರು ಆಕ್ಷೇಪಿಸಬಹುದು. ಕಟ್ಟುವಾಗ ಹಾಕುವ ರಬ್ಬರಿನ ಬೆಲೆ ಅಲ್ಪ; ಕಟ್ಟಿದ ಮೇಲೆ ಗೋಡೆ ಒಡೆಯುವ ಬೆಲೆಯೇ ಅಧಿಕ.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಆದರೆ ನಿಶ್ಶಬ್ದವಾದ ಕೋಣೆಯಲ್ಲಿ ಅದಕ್ಕಿಂತ ಎಷ್ಟೋ ಮೆಲ್ಲನೆಯ ಸದ್ದೂ ನಿದ್ದೆ ಕೆಡಿಸಬಲ್ಲದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಶಬ್ದನಿಯಂತ್ರಣಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಆ ಸಂಹಿತೆಯು ತಾನಾಗಿಯೇ ಕಾನೂನಲ್ಲ. ಸ್ಥಳೀಯ ನಿಯಮಗಳು ಅದನ್ನು ಅಂಗೀಕರಿಸಿದರೆ ಮಾತ್ರ ಕಡ್ಡಾಯವಾಗುತ್ತದೆ. ಮನೆಯ ನಕ್ಷೆಗೆ ಒಪ್ಪಿಗೆ ಕೊಡುವವರು ಗಾಳಿ ಬೆಳಕುಗಳನ್ನು ವಿಚಾರಿಸುವಂತೆ ಕೊಳವೆಯ ದಾರಿಯನ್ನೂ ವಿಚಾರಿಸತಕ್ಕದ್ದು.

ತಡವಾಗಿ ಮನೆಗೆ ಬಂದವನು ಸ್ನಾನ ಮಾಡಕೂಡದೆಂದು ಯಾರೂ ವಿಧಿಸಲಾರರು. ತನ್ನ ನಲ್ಲಿಯು ಗೋಡೆಯಾಚೆ ಹೇಗೆ ಕೇಳಿಸುವುದೆಂಬುದು ಅವನಿಗೆ ತಿಳಿಯುವುದೂ ಇಲ್ಲ. ಆದುದರಿಂದ ವಿದ್ಯಾರ್ಥಿಗಳು ಜಗಳಕ್ಕೆ ಮೊದಲು ಪರೀಕ್ಷೆಯನ್ನು ಕೈಗೊಳ್ಳಲಿ. ನೆರೆಯವರನ್ನು ಕೇಳಿಕೊಂಡು, ಅವರ ಒಂದೊಂದೇ ನಲ್ಲಿಯನ್ನು ತೆರೆದು ಮುಚ್ಚಿಸಿ, ಈಚೆ ಗೋಡೆಗೆ ಕಿವಿಯಿಟ್ಟು ಬರೆದುಕೊಳ್ಳಿರಿ. ಸವೆದ ಒಂದು ವಾಷರು ಅಥವಾ ಸಡಿಲಿದ ಒಂದು ಹಿಡಿಕೆಯೇ ಅಪರಾಧಿಯಾಗಿ ಸಿಕ್ಕಬಹುದು. ಅದನ್ನು ಸರಿಪಡಿಸುವ ಖರ್ಚನ್ನು ಎರಡು ಮನೆಯವರೂ ಹಂಚಿಕೊಂಡರೆ ನೆಮ್ಮದಿಯಾದ ನಿದ್ದೆಯೂ ಉಳಿಯುತ್ತದೆ, ನೆರೆಯ ಸ್ನೇಹವೂ ಉಳಿಯುತ್ತದೆ.