ಔಷಧಕ್ಕೂ ಲೆಕ್ಕವಿರಲಿ

ಆಯುರ್ವೇದದ ಔಷಧದಿಂದ ಗುಣವಾಗದಿದ್ದರೂ ಕೆಡುಕಂತೂ ಆಗದು ಎಂಬ ಮಾತು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಮನೆಗಳಲ್ಲಿ ಕೇಳಿಬರುತ್ತದೆ. ಈ ವಿಶ್ವಾಸಕ್ಕೆ ನಾವು ಋಣಿಗಳು. ಆದರೆ ಈ ಮಾತನ್ನು ನಾವು ಒಪ್ಪಲಾರೆವು. ದೇಹಕ್ಕೆ ಒಳಿತನ್ನುಂಟುಮಾಡುವ ಶಕ್ತಿಯುಳ್ಳ ದ್ರವ್ಯಕ್ಕೆ, ಪ್ರಮಾಣ ತಪ್ಪಿದಾಗ ಕೆಡುಕನ್ನುಂಟುಮಾಡುವ ಶಕ್ತಿಯೂ ಇದ್ದೇ ಇರುತ್ತದೆ. ಚರಕಸಂಹಿತೆಯು ತನ್ನ ಮೊದಲ ಅಧ್ಯಾಯದಲ್ಲಿಯೇ ಈ ಎಚ್ಚರಿಕೆಯನ್ನು ನೀಡಿದೆ.

ಅಮೃತಬಳ್ಳಿಯ ಉದಾಹರಣೆಯನ್ನೇ ನೋಡೋಣ. ಕೋವಿಡ್ ಕಾಲದಲ್ಲಿ ನಮ್ಮ ಊರುಗಳ ಬೇಲಿಯ ಮೇಲಿನ ಈ ಬಳ್ಳಿ ಎಷ್ಟೋ ಮನೆಗಳಲ್ಲಿ ನಿತ್ಯದ ಕಷಾಯವಾಯಿತು. 2021ರಲ್ಲಿ ಮುಂಬಯಿಯ ತಜ್ಞವೈದ್ಯರು, ಅಮೃತಬಳ್ಳಿಯನ್ನು ಸೇವಿಸುತ್ತಿದ್ದ 6 ರೋಗಿಗಳ ಯಕೃತ್ತಿಗೆ ಹಾನಿಯಾದುದನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯವು ಇದನ್ನು ಆಕ್ಷೇಪಿಸಿತು. ರೋಗಿಗಳು ಸೇವಿಸಿದ ಬಳ್ಳಿ ಯಾವುದೆಂದು ಸರಿಯಾಗಿ ಪರೀಕ್ಷಿಸಿಲ್ಲ. ಅದು ನೋಡಲು ಹೋಲುವ ಟಿನೋಸ್ಪೋರ ಕ್ರಿಸ್ಪ ಎಂಬ ಬೇರೆ ಬಳ್ಳಿಯಾಗಿರಬಹುದು ಎಂಬುದು ಸಚಿವಾಲಯದ ವಾದ. ನಮ್ಮ ವೃತ್ತಿಬಾಂಧವರಲ್ಲಿ ಹಲವರು ಆ ವರದಿಯನ್ನು ಆಯುರ್ವೇದದ ಮೇಲಿನ ದಾಳಿಯೆಂದೇ ಬಗೆದರು. ನಮಗೆ ತೋರುವುದು ಬೇರೆ. ಸೇವಿಸಿದ ಬಳ್ಳಿಯ ಗುರುತು, ಪ್ರಮಾಣ, ದಿನಗಳ ಲೆಕ್ಕ ಇವು ಮೊದಲೇ ಬರಹದಲ್ಲಿದ್ದರೆ ಇಂಥ ವಾದಗಳು ಬೇಗನೆ ತೀರುತ್ತವೆ. ಬರಹವಿಲ್ಲದಿದ್ದರೆ ದೂರುವವರಿಗೂ ಆಧಾರವಿಲ್ಲ, ಸಮರ್ಥಿಸುವವರಿಗೂ ಆಧಾರವಿಲ್ಲ.

ಲೆಕ್ಕವಿಟ್ಟಾಗ ಆಯುರ್ವೇದಕ್ಕೆ ನಷ್ಟವೇನೂ ಇಲ್ಲ. ಕೊಯಮತ್ತೂರಿನಲ್ಲಿ 43 ಮಂದಿ ಸಂಧಿವಾತದ ರೋಗಿಗಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆಯುರ್ವೇದ, ಇನ್ನೊಂದಕ್ಕೆ ಮೆಥೊಟ್ರೆಕ್ಸೇಟ್, ಮತ್ತೊಂದಕ್ಕೆ ಎರಡನ್ನೂ ನೀಡಲಾಯಿತು. ಯಾರಿಗೆ ಯಾವ ಚಿಕಿತ್ಸೆ ಎಂಬುದು ರೋಗಿಗೂ ತಿಳಿಯದಂತೆ, ಫಲವನ್ನು ಅಳೆಯುವವರಿಗೂ ತಿಳಿಯದಂತೆ ಏರ್ಪಾಡಿತ್ತು. 36 ವಾರಗಳ ಬಳಿಕ ಮೂರೂ ಗುಂಪುಗಳ ಫಲ ಹೆಚ್ಚುಕಡಿಮೆ ಸಮನಾಗಿತ್ತು. ಅಡ್ಡಪರಿಣಾಮಗಳ ಸಂಖ್ಯೆ ಆಯುರ್ವೇದದ ಗುಂಪಿನಲ್ಲಿ ಕಡಿಮೆಯಿತ್ತು. 43 ಮಂದಿಯಿಂದ ಅಂತಿಮ ತೀರ್ಮಾನಕ್ಕೆ ಬರಲಾಗದು. ಆದರೂ ನಮ್ಮ ಚಿಕಿತ್ಸೆಯನ್ನು ಕಟ್ಟುನಿಟ್ಟಾಗಿ ಪರೀಕ್ಷೆಗೆ ಒಡ್ಡಬಹುದೆಂಬುದು ಇದರಿಂದ ಸ್ಪಷ್ಟವಾಯಿತು.

ದೊಡ್ಡ ಸಂಶೋಧನೆ ದೊಡ್ಡ ಸಂಸ್ಥೆಗಳ ಕೆಲಸ, ನಿಜ. ಆದರೆ ಅದಕ್ಕೆ ಬೇಕಾದ ಮೂಲಸಾಮಗ್ರಿ ಇರುವುದು ನಮ್ಮಂಥ ಸಣ್ಣ ಊರುಗಳ ಚಿಕಿತ್ಸಾಲಯಗಳಲ್ಲಿ. ಸರಕಾರಿ ಆಸ್ಪತ್ರೆಯ ರಕ್ತದೊತ್ತಡದ ಮಾತ್ರೆ, ಸಂತೆಯಲ್ಲಿ ಕೊಂಡ ಮಂಡಿನೋವಿನ ಪುಡಿ, ನಾವು ಕೊಟ್ಟ ಚೂರ್ಣ ಎಲ್ಲವೂ ಒಂದೇ ದೇಹವನ್ನು ಸೇರುತ್ತವೆ. ವೈದ್ಯರು ಗದರಿಯಾರೆಂಬ ಅಂಜಿಕೆಯಿಂದ ರೋಗಿಗಳು ಒಬ್ಬರ ಔಷಧವನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಕೆಮ್ಮಿಗೆ ಬಳಸುವ ಜೇಷ್ಠಮಧುವನ್ನು ಬಹುದಿನ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳೂ ಜೊತೆಗೂಡಿದರೆ ಪೊಟ್ಯಾಸಿಯಂ ಇನ್ನಷ್ಟು ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು. ಹೆಸರು ವಿಳಾಸವಿಲ್ಲದ ನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವ ವಂಚನೆಯೂ ಉಂಟು. ಎರಡೇ ದಿನದಲ್ಲಿ ನೋವು ಮಾಯವಾಯಿತೆಂದು ಹಿಗ್ಗುವ ಮುನ್ನ ಇದನ್ನು ನೆನೆಯಬೇಕು.

ಆಯುಷ್ ಔಷಧಗಳ ಅಡ್ಡಪರಿಣಾಮಗಳ ಮೇಲೆ ನಿಗಾ ಇಡಲು ಕೇಂದ್ರ ಸರಕಾರವು 2017-18ರಲ್ಲಿ ಪ್ರತ್ಯೇಕ ಯೋಜನೆಯನ್ನೇ ಆರಂಭಿಸಿತು. ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ಅದರ ರಾಷ್ಟ್ರೀಯ ಕೇಂದ್ರ. ಯಾವುದೇ ಔಷಧದಿಂದ ತೊಂದರೆಯಾದರೆ ಸಾರ್ವಜನಿಕರೂ 1800-180-3024 ಎಂಬ ಉಚಿತ ಸಹಾಯವಾಣಿಗೆ ತಿಳಿಸಬಹುದು. ವ್ಯವಸ್ಥೆ ಇದ್ದರೂ ವರದಿ ಮಾಡುವ ರೂಢಿ ನಮ್ಮಲ್ಲಿ ಬೇರೂರಿಲ್ಲ. ವರದಿ ಮಾಡಿದರೆ ಶಾಸ್ತ್ರಕ್ಕೆ ಕಳಂಕ ಬಂದೀತೆಂದು ವೈದ್ಯರು ಹಿಂಜರಿಯುವುದು ತರವಲ್ಲ. ದೋಷವನ್ನು ಮುಚ್ಚಿಟ್ಟು ಯಾವ ಶಾಸ್ತ್ರವೂ ಬೆಳೆದಿಲ್ಲ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಿ ಒಂದು ನೋಟುಪುಸ್ತಕವಿಡಿ. ಯಾವ ಔಷಧ, ಯಾರು ಕೊಟ್ಟದ್ದು, ಎಷ್ಟು, ಎಂದಿನಿಂದ ಎಂಬುದನ್ನು ಬರೆಯಿರಿ. ಕಷಾಯ, ಲೇಹ್ಯಗಳನ್ನೂ ಬಿಡದಿರಿ. ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ಮೊದಲು ತೋರಿಸಿ. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದ ಔಷಧವನ್ನು ಕೊಳ್ಳದಿರಿ. ಮೈ ತುರಿಕೆ, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಕೂಡಲೇ ವೈದ್ಯರಲ್ಲಿಗೆ ಬನ್ನಿ. ಉಳಿದ ಔಷಧವನ್ನು ಎಸೆಯದೆ ಜೊತೆಯಲ್ಲಿ ತನ್ನಿ.

ತೂಕದ ಚೀಟಿಯಿಲ್ಲದೆ ಮಂಡಿಯಲ್ಲಿ ಅಡಿಕೆ ಮಾರಲು ಒಪ್ಪದ ಸೀಮೆ ನಮ್ಮದು. ಒಡಲೊಳಗೆ ಇಳಿಯುವ ಔಷಧಕ್ಕೆ ಅಷ್ಟಾದರೂ ಲೆಕ್ಕ ಬೇಡವೆ?