ಕುದುರೆಮುಖ ನೋಡೋಕೆ ಹೋಗಿ ನಮ್ಮ ಮುಖ ನೋಡ್ಕೊಂಡು ಬಂದದ್ದು

ಬೆಂಗಳೂರಿಂದ ಬಂದಿದ್ದ ಅಳಿಯ ಒಂದು ಪುಟ್ಟ ಕ್ಯಾಮೆರಾ ಕೈಗೆ ಕೊಟ್ಟು, "ಮಾವ, ಒಂದು ವಾರ ಇಟ್ಕೊಂಡು ನೋಡಿ. ಬರೆದಿದ್ದನ್ನ ಈಗ ಯಾರು ಓದ್ತಾರೆ? ವಿಡಿಯೋ ಮಾಡಿ" ಅಂದ. ಬರೆಯೋ ಚಟ ಇರೋರಿಗೆ ಹೀಗಂದ್ರೆ ಎಷ್ಟು ಉರಿಯುತ್ತೆ ಅಂತ ನಿಮಗೆ ಗೊತ್ತಲ್ಲ :-) ಆದರೂ ಇಸ್ಕೊಂಡೆ. ಸೆಪ್ಟೆಂಬರಿನಲ್ಲಿ ಅದನ್ನ ಜೇಬಿಗೆ ಹಾಕ್ಕೊಂಡು ಕುದುರೆಮುಖ ಹತ್ತಿ ಬಂದೆ. ಈ ಬರಹ ಆ ಕ್ಯಾಮೆರಾದ ವಿಮರ್ಶೆ. ವಿಮರ್ಶೆ ಅನ್ನೋದಕ್ಕಿಂತ ಜಗಳ ಅಂದ್ಕೊಂಡರೂ ಅಡ್ಡಿಯಿಲ್ಲ.

ಕ್ಯಾಮೆರಾ ಸೋನಿ ಜೆಡ್‌ವಿ-1. 2020ರಲ್ಲಿ ಬಂದದ್ದು. ಬ್ಯಾಟರಿ ಸೇರಿ 294 ಗ್ರಾಂ. ಒಳಗಿರೋದು 'ಒಂದು ಇಂಚಿನ' ಸಂವೇದಕ ಅಂತಾರೆ. ಹೆಸರು ನಂಬಿ ಅಳತೆಪಟ್ಟಿ ಹಿಡಿದರೆ ಮೋಸ ಹೋಗ್ತೀರಿ, ನಿಜವಾದ ಅಳತೆ 13.2 x 8.8 ಮಿಲಿಮೀಟರ್ ಅಷ್ಟೇ. ಆದರೂ ಫೋನುಗಳಲ್ಲಿ ಸಾಮಾನ್ಯವಾಗಿ ಇರೋದಕ್ಕಿಂತ ದೊಡ್ಡದು. ಇದರ ಹೆಗ್ಗಳಿಕೆ ಮಾತ್ರ ಹಿಂದಿನ ಟಚ್ ಸ್ಕ್ರೀನ್. ಕಿಟಕಿ ಬಾಗಿಲು ತೆಗೆದ ಹಾಗೆ ಪಕ್ಕಕ್ಕೆ ತೆಗೆದು, ತಿರುಗಿಸಿ, ನಮ್ಮ ಮುಖಕ್ಕೇ ಹಿಡಿಯಬಹುದು. ಹಾಗೆ ತೆಗೆದ ಕೂಡಲೇ ಕ್ಯಾಮೆರಾ ತಾನೇ ಆನ್ ಆಗುತ್ತೆ. "ಬಂದೆಯಾ, ನಿನ್ನ ಮುಖ ತೋರಿಸು" ಅಂದ ಹಾಗೆ.

ಹೊರಡೋ ಮೊದಲು ಒಂದಷ್ಟು ವಿಮರ್ಶೆ ಓದಿದೆ, ನೋಡಿದೆ. ನಾನು ನೋಡಿದ್ದರಲ್ಲೆಲ್ಲ ಒಬ್ಬರು ತಮ್ಮ ಕೋಣೆಯಲ್ಲೋ ಬಾಲ್ಕನಿಯಲ್ಲೋ ಕೂತು, ಕೈ ಚಾಚಿ, ತಮ್ಮನ್ನೇ ತಾವು ಚಿತ್ರಿಸಿಕೊಂಡು "ಚರ್ಮದ ಬಣ್ಣ ಚೆನ್ನಾಗಿ ಬರುತ್ತೆ" ಅಂತ ತೀರ್ಪು ಕೊಟ್ಟಿದ್ರು. 24 ಮಿ.ಮೀ.ನಲ್ಲಿ ಮುಖ ಚೌಕಟ್ಟಿನ ತುಂಬಾ ಬರುತ್ತೆ ಅನ್ನೋದು ಅವರ ದೊಡ್ಡ ದೂರು. 2023ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಲೆನ್ಸು 24-70 ಹೋಗಿ 18-50 ಆಯ್ತು. ಮುಖದ ಸುತ್ತ ಒಂದಿಷ್ಟು ಜಾಗ ಸಿಕ್ತು, ದೂರದ್ದು ಇನ್ನೂ ದೂರ ಹೋಯ್ತು. ಇದರಲ್ಲೇ ಗೊತ್ತಾಗಲ್ವಾ ಯಾರನ್ನ ನೋಡೋಕೆ ಮಾಡಿದ ಯಂತ್ರ ಅಂತ?

ಸರಿ, ಬೆಟ್ಟಕ್ಕೆ ಬರೋಣ. ಕಳಸದಿಂದ ಸಂಸೆ, ಬಾಳೆಗಲ್ಲು, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ. ಅರಣ್ಯ ಇಲಾಖೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದೆ, ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತಗೋಬೇಕು, ಜೊತೆಗೆ ಗೈಡ್ ಇರಲೇಬೇಕು. ನಮ್ಮ ಗೈಡ್ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು, ಕಾಲಿಗೆ ಉಂಬಳ ಹತ್ತದ ಹಾಗೆ ಹೊಗೆಸೊಪ್ಪಿನ ನೀರು ಬಳ್ಕೊಂಡು ತಯಾರಾಗಿದ್ದ. ನಾನು ಕ್ಯಾಮೆರಾ ತಗೊಂಡು ತಯಾರಾಗಿದ್ದೆ.

ಮೊದಲ ಪರೀಕ್ಷೆ ಜಡಿಮಳೆ. ಈ ಕ್ಯಾಮೆರಾಕ್ಕೆ ನೀರು ತಡೆಯೋ ರಕ್ಷಣೆ ಇಲ್ಲ, ಕಂಪನಿ ಇದೆ ಅಂತ ಹೇಳಿಯೂ ಇಲ್ಲ. ಹಾಗಾಗಿ ಅರ್ಧ ದಾರಿ ಅದು ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಇನ್ನು ಟಚ್ ಸ್ಕ್ರೀನ್. ಅದು ಬೆರಳನ್ನ ಗುರುತು ಹಿಡಿಯೋದು ನಮ್ಮ ಮೈಯಲ್ಲಿ ವಿದ್ಯುತ್ ಹರಿಯುತ್ತೆ ಅನ್ನೋ ಗುಣದಿಂದ. ಮಳೆಹನಿಯಲ್ಲೂ ಹರಿಯುತ್ತೆ ಮಾರಾಯ್ರೆ! ಹನಿ ಯಾವುದು ಬೆರಳು ಯಾವುದು ಅಂತ ಪರದೆಗೆ ಗಲಿಬಿಲಿ. ಇದು ಈ ಕ್ಯಾಮೆರಾದ ತಪ್ಪಲ್ಲ, ನಿಮ್ಮ ಫೋನಿಗೂ ಇದೇ ಕಷ್ಟ. ಆದರೆ ಮಲೆನಾಡಿಗೆ ತರೋರು ಇದನ್ನ ತಿಳ್ಕೊಂಡಿರಬೇಕು. ಬಿಸಿಲು ಬಂದ್ರೆ ಇನ್ನೊಂದು ಕಷ್ಟ. ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಇಲ್ಲ, ಹುಲ್ಲುಗಾವಲಿನ ಬಿಸಿಲಲ್ಲಿ ಪರದೆ ಬೆಳ್ಳಗಾಗಿ ಏನೂ ಕಾಣಲ್ಲ. ಶೋಲಾ ಕಾಡಿನ ಮೇಲೆ ಮಂಗಟ್ಟೆ ಹಾರಿದರೆ 70 ಮಿ.ಮೀ.ಗೆ ಅದೊಂದು ಚುಕ್ಕಿ. ಸಿಂಗಳೀಕ ಸಿಕ್ಕಿದ್ರೂ ಅಷ್ಟೇ.

ಒಂಟಿಮರ ದಾಟಿ ಏರಿನಲ್ಲಿ ಸುಸ್ತಾಗಿ ನಿಂತಾಗ, ಅಳಿಯ ಹೇಳಿದ ಹಾಗೆ ಮಾಡೋಣ ಅಂತ ಪರದೆ ತಿರುಗಿಸಿ ಮಾತು ಶುರು ಮಾಡಿದೆ. "ಸ್ನೇಹಿತರೇ, ಈಗ ನಾನು..." ಹಿಂದಿನ ಬೆಟ್ಟ ಪೂರ್ತಿ ಬರಲಿ ಅಂತ ಒಂದು ಹೆಜ್ಜೆ ಹಿಂದಿಟ್ಟೆ. ಇನ್ನೊಂದು ಹೆಜ್ಜೆ. ಮೂರನೇದಕ್ಕೆ ಕೆಸರು ಜಾರ್ತು. ಗೈಡ್ ಬ್ಯಾಗಿನ ಪಟ್ಟಿ ಹಿಡಿದು ಎಳೆದ. "ಸಾರ್, ಕಾಲು ಎಲ್ಲಿಡ್ತೀರಿ ಅಂತ ನೋಡ್ರಿ. ಮುಖ ಮನೆಗೋದ್ ಮೇಲೂ ಇರ್ತದೆ" ಅಂದ. ಆಮೇಲೆ ಆ ವಿಡಿಯೋ ನೋಡಿದೆ. ಹನ್ನೊಂದು ಸೆಕೆಂಡು. ಜಾರೋ ತನಕ ನನ್ನ ಕಣ್ಣು ಒಂದು ಸಲವೂ ನೆಲ ನೋಡಿಲ್ಲ, ಬೆಟ್ಟವನ್ನೂ ನೋಡಿಲ್ಲ. ಪರದೆಯಲ್ಲಿದ್ದ ನನ್ನನ್ನೇ ನೋಡ್ತಾ ಇದ್ದೆ. ಕ್ಯಾಮೆರಾ ತನ್ನ ಕೆಲಸ ಸರಿಯಾಗೇ ಮಾಡಿತ್ತು, ಫೋಕಸ್ ನನ್ನ ಮುಖ ಬಿಟ್ಟು ಅಲ್ಲಾಡಿರಲಿಲ್ಲ. ತಪ್ಪು ನನ್ನದೇ.

ತುದಿಯಲ್ಲೂ ಅದೇ ನೋಟ. ಹೆಚ್ಚಿನವರ ಕೈಯಲ್ಲಿ ಫೋನು, ಕೆಲವರ ಕೈಯಲ್ಲಿ ಇಂಥ ಕ್ಯಾಮೆರಾ. ಸುಮಾರು 1,890 ಮೀಟರ್ ಎತ್ತರದಲ್ಲಿ ಎಲ್ಲರೂ ಕಣಿವೆಗೆ ಬೆನ್ನು ಹಾಕಿ ನಿಂತಿದ್ರು. ದಿನಕ್ಕೆ 300 ಜನರನ್ನ ಬೆಟ್ಟ ಹೇಗೋ ತಡ್ಕೊಳ್ಳುತ್ತೆ. ಆ 300 ಜನರಲ್ಲಿ ಬೆಟ್ಟ ನೋಡಿ ಹೋದವರು ಎಷ್ಟು ಅನ್ನೋದು ನನ್ನ ಪ್ರಶ್ನೆ.

ಇದನ್ನ ಇಷ್ಟು ಎಳೆದಾಡೋದಕ್ಕೆ ಕಾರಣ ಇದೆ. ಈ ಬೆಟ್ಟಗಳು ಇವತ್ತು ಹೀಗಿರೋದರಲ್ಲಿ ಕ್ಯಾಮೆರಾದ ಪಾಲೂ ಇದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಆದ ಮೇಲೂ ಇಲ್ಲಿ ಕಬ್ಬಿಣದ ಅದಿರಿನ ಗಣಿ ನಡೀತಾ ಇತ್ತು. 2001ರಲ್ಲಿ ಶೇಖರ್ ದತ್ತಾತ್ರಿ 'ಮೈಂಡ್‌ಲೆಸ್ ಮೈನಿಂಗ್' ಅನ್ನೋ ಸಣ್ಣ ಸಾಕ್ಷ್ಯಚಿತ್ರ ಮಾಡಿ, ಗಣಿ ಈ ಕಾಡಿಗೆ, ಭದ್ರಾ ನದಿಗೆ ಏನು ಮಾಡ್ತಿದೆ ಅಂತ ತೋರಿಸಿದ್ರು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿ ಅಂತು, 2005ರ ಕೊನೆಗೆ ನಿಂತೂ ಹೋಯ್ತು. ಒಂದು ಚಿತ್ರದಿಂದಲೇ ನಿಂತಿತು ಅಂತ ನಾನು ಹೇಳಲ್ಲ. ಕೋರ್ಟಿಗೆ ಹೋದವರು, ವರ್ಷಗಟ್ಟಲೆ ಓಡಾಡಿದವರು ಇದ್ದಾರೆ. ಆದರೆ ಆ ಕ್ಯಾಮೆರಾ ಬೆಟ್ಟದ ಕಡೆ ತಿರುಗಿತ್ತು, ನದಿ ಕಡೆ ತಿರುಗಿತ್ತು. ಇಲ್ಲೇ ಮೂಡಿಗೆರೆಯಲ್ಲಿ ತೇಜಸ್ವಿ ಫಿಲಂ ಕಾಲದಲ್ಲಿ ಹಕ್ಕಿಗಳ ಫೋಟೋಕ್ಕೆ ಕಾದು ಕೂರ್ತಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. ನಾಳೆ ಈ ಕಡೆ ಇನ್ನೊಂದು ಯೋಜನೆ ಬಂದರೆ, ಕಾಡು ಹೇಗಿತ್ತು ಅಂತ ತೋರಿಸೋಕೆ ನಮ್ಮ ಹತ್ತಿರ ಏನಿರುತ್ತೆ? ಸಾವಿರಾರು ಮುಖಗಳು, ಅವುಗಳ ಹಿಂದೆ ಮಸುಕಾದ ಹಸಿರು. ಈ ಕ್ಯಾಮೆರಾದಲ್ಲಿ ಹಿನ್ನೆಲೆ ಮಸುಕು ಮಾಡೋಕೆ ಅಂತಲೇ ಒಂದು ಗುಂಡಿ ಇದೆ ಗೊತ್ತಾ?

ಹಾಗಂತ ಮುಖ ತೋರಿಸೋರೆಲ್ಲ ಕೆಟ್ಟವರು ಅಂತಲ್ಲ. ಅಡುಗೆ ಹೇಳಿಕೊಡೋರು, ಪಾಠ ಮಾಡೋರು, ಕಾಫಿ ಗಿಡದ ಕಸಿ ತೋರಿಸೋರು, ಇವರಿಗೆಲ್ಲ ಒಬ್ಬರೇ ಕೂತು ಚಿತ್ರಿಸಿಕೊಳ್ಳೋಕೆ ಈ ಪರದೆ ವರವೇ. ನನ್ನ ತಕರಾರು, ಅದನ್ನ ಹಾಗೇ ತಿರುಗಿಸಿಟ್ಟುಕೊಂಡು ಕಾಡಿಗೆ ಬರೋದರ ಬಗ್ಗೆ.

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯ ಆಗುತ್ತೆ. ಇಳಿಯುವಾಗ ಗೈಡ್ ದಾರಿ ಬದಿಯ ಒದ್ದೆ ನೆಲದಲ್ಲಿ ಡ್ರೊಸೆರಾ ತೋರಿಸಿದ. ಕೀಟ ಹಿಡಿದು ತಿನ್ನೋ ಗಿಡ, ಹೆಬ್ಬೆರಳ ಉಗುರಿನಷ್ಟು, ಕೆಂಪು ಕೂದಲಿನ ತುದಿಯಲ್ಲೆಲ್ಲ ಅಂಟು ಹನಿ. ಮೊದಲಾಗಿದ್ರೆ ಇಂಥದ್ದಕ್ಕೆ ಉಂಬಳದ ಹುಲ್ಲಲ್ಲಿ ಹೊಟ್ಟೆ ಮೇಲೆ ಮಲಗಬೇಕಿತ್ತು. ಈಗ ಕ್ಯಾಮೆರಾವನ್ನ ನೆಲಕ್ಕಿಟ್ಟು, ಪರದೆ ಪಕ್ಕಕ್ಕೆ ತೆಗೆದು ಮೇಲ್ಮುಖ ಮಾಡಿ, ಕುಕ್ಕರಗಾಲಲ್ಲಿ ಕೂತು ಮೇಲಿಂದ ನೋಡಿದೆ. ಅಗಲದ ತುದಿಯಲ್ಲಿ ಲೆನ್ಸು ಸುಮಾರು 5 ಸೆಂಟಿಮೀಟರ್ ಹತ್ತಿರ ಹೋಗುತ್ತೆ. ಅಂಟಿನಲ್ಲಿ ಸಿಕ್ಕಿಬಿದ್ದಿದ್ದ ಒಂದು ನುಸಿಯ ರೆಕ್ಕೆ ಕೂಡಾ ಬಂತು. ಇಡೀ ದಿನದ ಒಳ್ಳೇ ಚಿತ್ರ ಅದೊಂದೇ. ವಿಮರ್ಶೆ ಮಾಡಿದ ಪುಣ್ಯಾತ್ಮರೆಲ್ಲ ಈ ಗುಣಕ್ಕೆ ಒಂದು ಸಾಲಾದರೂ ಕೊಡಬಹುದಿತ್ತು!

ನನ್ನ ತೀರ್ಪು ಇಷ್ಟೇ. ಮಳೆಗಾಲಕ್ಕೆ, ಹಕ್ಕಿಗೆ, ಪ್ರಾಣಿಗೆ ಈ ಕ್ಯಾಮೆರಾ ಬೇಡ. ಹೂವು, ಅಣಬೆ, ಕಪ್ಪೆ, ನೆಲದ ಮೇಲಿನ ಸಣ್ಣ ಜೀವಗಳ ಹುಚ್ಚಿದ್ದರೆ ಖಂಡಿತ ತಗೊಳ್ಳಿ. ಏರು ಹತ್ತುವಾಗ ಪರದೆ ಮುಚ್ಚಿಡಿ.

ಅಳಿಯನಿಗೆ ಡ್ರೊಸೆರಾ ಚಿತ್ರ ಕಳಿಸಿದೆ. "ಚೆನ್ನಾಗಿದೆ ಮಾವ, ಆದ್ರೆ ನೀವೆಲ್ಲಿ?" ಅಂತ ಕೇಳ್ದ. ಅಲ್ಲೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ ಮಾರಾಯ ಅಂದೆ :-)