ಲಂಗರಿಗೊಂದು ನೆಲೆ

‘ಗಾಳಿ ಬಂದಾಗ ತೂರಿಕೊ’ ಎಂಬುದು ಕಣದ ನೀತಿ. ಶಿರಾಳಕೊಪ್ಪದ ಸುತ್ತಿನ ಬತ್ತದ ನಾಡಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಕಡಲಿನ ನೀತಿ ಇದಕ್ಕೆ ಹೊರತಾದುದು. ಗಾಳಿ ಬಂದ ಮೇಲೆ ನೆಲೆಯನ್ನು ಅರಸಹೊರಟ ನಾವಿಕನಿಗೆ ನೆಲೆ ದೊರೆಯುವುದು ದುರ್ಲಭ. ಬಿಸಿಲಿರುವಾಗಲೇ, ನೀರು ತಿಳಿಯಾಗಿರುವಾಗಲೇ, ನಡುರಾತ್ರಿ ಯಾವ ದಿಕ್ಕಿನಿಂದ ಗಾಳಿ ಎದ್ದೀತೆಂದು ಎಣಿಸಿ ಅವನು ಲಂಗರನ್ನು ಇಳಿಬಿಡಬೇಕು.

ಘಟ್ಟದ ಮೇಲಣ ಶಿರಾಳಕೊಪ್ಪಕ್ಕೂ ಹಡಗಿನ ಲಂಗರಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಹಳೆಯದು. ಊರಿಗೆ ಸಮೀಪದ ತಾಳಗುಂದದಲ್ಲಿ, ಪ್ರಣವೇಶ್ವರ ದೇಗುಲದ ಮುಂದೆ, ಐದನೆಯ ಶತಮಾನದ ಕಂಬವೊಂದು ನಿಂತಿದೆ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಕಥೆ ಅದರ ಮೇಲೆ ಕೆತ್ತಲ್ಪಟ್ಟಿದೆ. ಅವನಿಗೆ ದೊರೆತ ನಾಡಿನ ಒಂದು ಎಲ್ಲೆ ಪಡುವಣ ಕಡಲೆಂದು ಶಾಸನಕವಿ ಕುಬ್ಜನು ಹೇಳಿದ್ದಾನೆ. ಮುಂದೆ ಇಕ್ಕೇರಿಯ ನಾಯಕರ ಕಾಲದಲ್ಲಿ ಮಲೆನಾಡಿನ ಮೆಣಸು ಘಟ್ಟವಿಳಿದು ಹೊನ್ನಾವರದಂಥ ರೇವುಗಳನ್ನು ಸೇರುತ್ತಿದ್ದಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದುದು, ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ. ಎತ್ತಿನ ಬೆನ್ನಿನ ಮೇಲೆ ಘಟ್ಟವಿಳಿದ ಸರಕಿಗೆ ಬೆಲೆ ಬರಬೇಕಾದರೆ ಕೆಳಗೆ ಹಡಗೊಂದು ಸುರಕ್ಷಿತವಾಗಿ ನಿಂತಿರಬೇಕಷ್ಟೆ.

ಕಾರವಾರದಿಂದ ಮಂಗಳೂರಿನ ತೆಂಕಣವರೆಗೆ ಕನ್ನಡ ನಾಡಿನ ಕರಾವಳಿಯ ಉದ್ದ 300 ಕಿಲೋಮೀಟರಿಗೂ ಮಿಕ್ಕಿದುದು. ಅದರಲ್ಲಿಯೂ ಉತ್ತರಭಾಗವು ಬಲು ಒರಟು. ಘಟ್ಟದ ಕವಲುಗಳು ನೇರವಾಗಿ ನೀರಿಗಿಳಿದು ಮೂಗಿನಂತೆ ಚಾಚಿಕೊಂಡಿವೆ. ಕಾರವಾರದೆದುರು ಕೂರ್ಮಗಡ, ದೀಪಸ್ತಂಭವುಳ್ಳ ದೇವಗಡ, ಅವುಗಳ ತೆಂಕಕ್ಕೆ ಅಂಜದೀವ. ಹೊನ್ನಾವರದ ಬಳಿ ಕೆಳದಿಯರಸರ ಕಾಲದ ಕೋಟೆಯನ್ನು ಹೊತ್ತ ಬಸವರಾಜದುರ್ಗ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ. ಮಲ್ಪೆಯೆದುರು ಕಂಬಕಂಬವಾಗಿ ಸೀಳಿದ ಕಲ್ಲಿನ ಸೇಂಟ್ ಮೇರಿ ದ್ವೀಪಗಳು. ನಕಾಶೆಯಲ್ಲಿ ನೋಡಿದರೆ ಹಾಯಿಹಡಗಿಗೆ ಹೆಜ್ಜೆಹೆಜ್ಜೆಗೂ ತಂಗುದಾಣವಿದ್ದಂತೆ ತೋರುತ್ತದೆ. ವಾಸ್ತವವಾಗಿ ಇವುಗಳಲ್ಲಿ ರಾತ್ರಿ ಕಳೆಯಲು ತಕ್ಕ ನೆಲೆಗಳು ಕೆಲವೇ.

ತಂಗುದಾಣವನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಗಾಳಿಯದು. ಅಕ್ಟೋಬರಿನಿಂದ ಮೇ ತಿಂಗಳವರೆಗಿನ ಒಳ್ಳೆಯ ಕಾಲದಲ್ಲಿ ಈ ತೀರದ ಗಾಳಿಗೆ ಒಂದು ದಿನಚರಿಯುಂಟು. ಇರುಳಿನಲ್ಲಿ ನೆಲ ತಣಿದು ಘಟ್ಟದ ಕಡೆಯಿಂದ ಮೂಡುಗಾಳಿ ಮೆಲ್ಲನೆ ಇಳಿಯುತ್ತದೆ. ಮಧ್ಯಾಹ್ನ ನೆಲ ಕಾದೊಡನೆ ಪಡುವಣದಿಂದ, ಹೆಚ್ಚಾಗಿ ವಾಯವ್ಯದಿಂದ, ಕಡಲಗಾಳಿ ಎದ್ದು ಸಂಜೆಯವರೆಗೆ ಬೀಸುತ್ತದೆ. ಹೀಗಾಗಿ ಆ ಕಾಲದಲ್ಲಿ ಗುಡ್ಡದ ಮೂಗಿನ ಅಥವಾ ದ್ವೀಪದ ತೆಂಕಣ ಮಗ್ಗುಲು ಹಡಗಿಗೆ ಮರೆಯಾಗುತ್ತದೆ. ಜೂನ್ ಬಂದಿತೆಂದರೆ ಲೆಕ್ಕವೆಲ್ಲ ತಲೆಕೆಳಗು. ನೈರುತ್ಯದ ಮಳೆಗಾಳಿಗೆ ತೆಂಕಣ ಮಗ್ಗುಲೇ ಎದೆಯೊಡ್ಡಬೇಕಾಗುತ್ತದೆ. ಮರೆಯು ಬಡಗಣಕ್ಕೆ ಸರಿಯುತ್ತದೆ. ಕಾರವಾರದ ಬಂದರು ಹೆಸರು ಪಡೆದುದು ಈ ಕಾರಣದಿಂದಲೇ. ಅಲ್ಲಿ ಬೈತಖೋಲದ ನೀರಿಗೆ ನೈರುತ್ಯದ ಹೊಡೆತ ತಗಲದಂತೆ ಎತ್ತರದ ಗುಡ್ಡವೊಂದು ತೆಂಕಣದಲ್ಲಿ ಅಡ್ಡ ನಿಂತಿದೆ. ಒಂದೇ ದ್ವೀಪವು ಜನವರಿಯಲ್ಲಿ ತಾಯಿಯ ಮಡಿಲು, ಜುಲೈಯಲ್ಲಿ ಮೃತ್ಯುವಿನ ಬಾಯಿ. ಶ್ರಾವಣದ ಹುಣ್ಣಿಮೆಯಲ್ಲಿ ಕಡಲಿಗೆ ತೆಂಗಿನಕಾಯಿಯನ್ನರ್ಪಿಸಿದ ಮೇಲೆಯೇ ದೋಣಿಯನ್ನಿಳಿಸುವ ಮೀನುಗಾರರ ಸಂಪ್ರದಾಯದಲ್ಲಿ ಭಕ್ತಿಯೊಡನೆ ಅನುಭವವೂ ಬೆರೆತಿದೆ.

ಋತುವಿನ ಕಟ್ಟನ್ನು ಮೀರಿದ ಗಾಳಿಯೂ ಉಂಟು. 2021ರ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಚಂಡಮಾರುತವು ಈ ಕರೆಯ ಹೊರಗಿನಿಂದ ಬಡಗಣಕ್ಕೆ ಸಾಗಿತು. ಆಗ ಟಗ್ಗು ಹಡಗೊಂದು ನೆಲೆ ತಪ್ಪಿ ತೇಲಿ, ಮೂಲ್ಕಿ–ಕಾಪು ಕಡಲಿನ ಬಂಡೆಗಳಿಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ 9 ಮಂದಿಯನ್ನು ನೌಕಾಪಡೆಯ ಹೆಲಿಕಾಪ್ಟರೂ ಕರಾವಳಿ ಕಾವಲು ದಳವೂ ಕೂಡಿ ಬದುಕಿಸಬೇಕಾಯಿತು. ಎಂಜಿನಿನ ಬಲವಿರುವ ಹಡಗಿನ ಗತಿಯೇ ಹೀಗಾದರೆ, ಬರಿಯ ಹಾಯಿಯನ್ನು ನಂಬಿದವನ ಪಾಡನ್ನು ಊಹಿಸಿಕೊಳ್ಳಬಹುದು.

ಎರಡನೆಯ ಪ್ರಶ್ನೆ ತಳದ್ದು. ಕೆಸರು, ಮರಳು ಬೆರೆತ ಜೇಡಿ—ಇವು ಲಂಗರನ್ನು ಬಿಗಿಯಾಗಿ ಹಿಡಿಯುತ್ತವೆ. ಬಂಡೆಯ ಮೇಲೆ ಅದು ಜಾರುತ್ತದೆ. ಇಲ್ಲವೆ ಬಿರುಕಿನಲ್ಲಿ ಸಿಕ್ಕಿ ಮತ್ತೆ ಮೇಲಕ್ಕೆ ಬಾರದು. ನೇತ್ರಾಣಿಯ ಸುತ್ತ ನೀರು ಆಳ, ತಳ ಬಂಡೆ ಮತ್ತು ಹವಳ. ನೋಟಕ್ಕೆ ಸೊಗಸಾದರೂ ರಾತ್ರಿಯ ನಿಲುಗಡೆಗೆ ಒಪ್ಪುವುದಲ್ಲ. ತಳವನ್ನರಿಯಲು ಹಿಂದಿನ ನಾವಿಕರು ಸೀಸದ ಗುಂಡಿನ ಅಡಿಯ ಕುಳಿಗೆ ಕೊಬ್ಬನ್ನು ಮೆತ್ತಿ ಹಗ್ಗದಿಂದ ಇಳಿಬಿಡುತ್ತಿದ್ದರು. ಹಗ್ಗವು ಆಳವನ್ನು ತಿಳಿಸುತ್ತಿದ್ದಿತು. ಕೊಬ್ಬಿಗೆ ಅಂಟಿ ಬಂದ ಮರಳೋ ಕೆಸರೋ ತಳದ ಜಾತಿಯನ್ನು ಹೇಳುತ್ತಿದ್ದಿತು. ಏನೂ ಅಂಟದೆ ಬಂದರೆ ಕೆಳಗೆ ಕಲ್ಲೆಂದು ತಿಳಿದು ಮುಂದೆ ಸಾಗುತ್ತಿದ್ದರು.

ಲಂಗರು ಹಡಗನ್ನು ಹಿಡಿದು ನಿಲ್ಲಿಸುವುದು ತನ್ನ ತೂಕವೊಂದರಿಂದಲೇ ಎಂದು ತಿಳಿಯುವವರು ಬಹಳ. ನೇಗಿಲ ಗುಳವನ್ನು ಕಂಡವರಿಗೆ ನಿಜಸಂಗತಿ ಬೇಗ ಹೊಳೆಯುತ್ತದೆ. ಎಳೆತವು ಮುಂದಕ್ಕಿದ್ದರೆ ಗುಳ ನೆಲವನ್ನು ಕಚ್ಚುತ್ತದೆ, ಮೇಲಕ್ಕೆಳೆದರೆ ಕಿತ್ತುಬರುತ್ತದೆ. ಆದುದರಿಂದ ಸರಪಳಿಯನ್ನು ಧಾರಾಳವಾಗಿ ಬಿಡಬೇಕು. ನಕಾಶೆಯಲ್ಲಿ ಆಳ 6 ಮೀಟರೆಂದಿರಲಿ. ಅದು ನೀರಿಳಿದಾಗಿನ ಲೆಕ್ಕ. ಉಬ್ಬರಕ್ಕೆಂದು 2 ಮೀಟರನ್ನೂ, ನೀರಿನಿಂದ ಹಡಗಿನ ಮೂತಿಯ ಎತ್ತರಕ್ಕೆಂದು 1 ಮೀಟರನ್ನೂ ಕೂಡಿಸಿದರೆ 9 ಆಯಿತು. ಸರಪಳಿಯಾದರೆ ಇದರ 5 ಪಟ್ಟು, ಎಂದರೆ 45 ಮೀಟರು. ಹಗ್ಗವಾದರೆ 7 ಪಟ್ಟು. ಗೂಟಕ್ಕೆ ಕಟ್ಟಿದ ಹಸುವಿನಂತೆ ಹಡಗು ಲಂಗರಿನ ಸುತ್ತ ತಿರುಗುವುದರಿಂದ, ಅಷ್ಟೂ ದೂರದಲ್ಲಿ, ಅದರ ಮೇಲೆ ಹಡಗಿನ ಉದ್ದವೂ ಸೇರಿ, ಬಂಡೆಯಾಗಲಿ ನೆರೆಯ ದೋಣಿಯಾಗಲಿ ಇರಕೂಡದು. ಬಳಿಕ ದಡದ ಎರಡು ಗುರುತುಗಳನ್ನು, ಗುಡಿಯ ಶಿಖರವನ್ನೂ ಅದರ ಹಿಂದಣ ತೆಂಗಿನ ಮರವನ್ನೂ, ಒಂದೇ ಸಾಲಿನಲ್ಲಿ ಕಂಡಿಟ್ಟುಕೊಳ್ಳಬೇಕು. ಹಡಗು ತಿರುಗಿಯೂ ಇರದೆ ಆ ಸಾಲು ಮುರಿದರೆ ಲಂಗರು ಜಾರುತ್ತಿದೆಯೆಂದು ಅರ್ಥ.

ಮೂರನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು: ಇಲ್ಲಿಂದ ಹೊರಡುವ ದಾರಿ ಯಾವುದು? ಶರಾವತಿ, ಅಘನಾಶಿನಿ ನದಿಗಳ ಅಳಿವೆಗಳ ಒಳಗೆ ನೀರು ಕೆರೆಯಂತೆ ಶಾಂತ. ಬಾಯಿಯಲ್ಲಿ ಮಾತ್ರ ಮರಳದಿಬ್ಬ. ನೀರಿಳಿದಿರುವಾಗ ಹೊರಗಿನಿಂದ ನೀಳವಾದ ಅಲೆಗಳು ಬಂದು ಅಲ್ಲಿ ಮುರಿದರೆ ಒಳಗಿನವನು ಸೆರೆಯಾಳು, ಹೊರಗಿನವನು ನಿರಾಶ್ರಿತ. ದೊಡ್ಡ ಹಡಗುಗಳು ಅಳಿವೆಯ ಹೊರಗೇ ನಿಂತು, ಸರಕನ್ನು ಸಣ್ಣ ದೋಣಿಗಳಲ್ಲಿ ತರಿಸಿಕೊಳ್ಳುತ್ತಿದ್ದುದು ಇದಕ್ಕಾಗಿಯೇ.

ಈ ಮೂರು ಪ್ರಶ್ನೆಗಳ ತೂಕವನ್ನು ಅಂಜದೀವದ ಚರಿತ್ರೆಯಲ್ಲಿ ಕಾಣಬಹುದು. ಕಾರವಾರಕ್ಕೆ ಹತ್ತಿರವಿದ್ದರೂ ಆಡಳಿತದಲ್ಲಿ ಗೋವೆಗೆ ಸೇರಿದ ಈ ದ್ವೀಪದಲ್ಲಿ ಸಿಹಿನೀರುಂಟು, ಮರೆಯುಂಟು. 1498ರಲ್ಲಿ ವಾಸ್ಕೊ ಡ ಗಾಮನು ಮರಳಿ ಹೋಗುವಾಗ ಇಲ್ಲಿ ತಂಗಿ, ಹಡಗಿನ ತಳವನ್ನು ಶುಚಿಗೊಳಿಸಿ, ನೀರು ತುಂಬಿಸಿಕೊಂಡನು. ನೆಲೆಯ ಆಯ್ಕೆಯಲ್ಲಿ ದೋಷವಿರಲಿಲ್ಲ. ಹೊರಟ ಹೊತ್ತು ಕೆಟ್ಟದು. ಈಶಾನ್ಯದ ಗಾಳಿ ನೆಲೆಗೊಳ್ಳುವ ಮುನ್ನ, ಅಕ್ಟೋಬರಿನ ಮೊದಲಲ್ಲಿಯೇ ಅವನು ಹಾಯಿ ಬಿಚ್ಚಿದನು. ಬರುವಾಗ ಒಂದು ತಿಂಗಳೊಳಗೆ ದಾಟಿದ್ದ ಕಡಲು ಹಿಂದಿರುಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ಸ್ಕರ್ವಿ ರೋಗಕ್ಕೆ ಸುಮಾರು 30 ಜನ ಬಲಿಯಾದರು.

ಇನ್ನೊಂದು ದುರಂತವು ಇದಕ್ಕೆ ವಿರುದ್ಧವಾದ ತಪ್ಪಿನದು. 1662ರಲ್ಲಿ ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷ್ ಸೇನೆಗೆ ಅಲ್ಲಿನ ಪೋರ್ಚುಗೀಸರು ಊರನ್ನು ಒಪ್ಪಿಸಲಿಲ್ಲ. ಸರ್ ಅಬ್ರಹಾಂ ಶಿಪ್‌ಮನ್ನನು ಸುಮಾರು 400 ಸೈನಿಕರೊಡನೆ ಅಂಜದೀವದಲ್ಲಿಳಿದು ಕಾದನು. ಹಡಗಿಗೆ ನಾಲ್ಕು ದಿನದ ಆಶ್ರಯವಾಗುವ ದ್ವೀಪವು ಸೇನೆಗೆ ವರ್ಷಗಟ್ಟಲೆಯ ವಾಸಕ್ಕೆ ಒದಗಲಿಲ್ಲ. ಮಳೆಗಾಲಗಳು ಕಳೆದಂತೆ ರೋಗರುಜಿನಗಳು ಅವರನ್ನು ಮುರಿದವು. 1664ರಲ್ಲಿ ಶಿಪ್‌ಮನ್ನನೂ ಸತ್ತನು. 1665ರ ಮೊದಲಲ್ಲಿ ಮುಂಬಯಿ ಕೈಸೇರುವ ವೇಳೆಗೆ ಅವರಲ್ಲಿ ಉಳಿದವರು ನೂರರ ಆಸುಪಾಸು. ಒಬ್ಬನು ಕಾಯದೆ ಹೊರಟು ಕೆಟ್ಟನು, ಇನ್ನೊಬ್ಬನು ಹೊರಡಲಾರದೆ ಕೆಟ್ಟನು. ದ್ವೀಪವು ಮಾತ್ರ ಇಬ್ಬರಿಗೂ ಒಂದೇ.

ಇಂದು ಕಾರವಾರದ ತೆಂಕಣ ಕಡಲು ನೌಕಾಪಡೆಯ ನೆಲೆ. ಕಲ್ಲಿನ ಅಲೆತಡೆಗಳನ್ನು ಕಟ್ಟಿ, ಪ್ರಕೃತಿ ಅರ್ಧ ಕೊಟ್ಟಿದ್ದ ಮರೆಯನ್ನು ಮನುಷ್ಯನು ಪೂರ್ಣಗೊಳಿಸಿದ್ದಾನೆ. 2005ರಲ್ಲಿ ಸೇವೆಗೆ ಸೇರಿದ ಆ ನೆಲೆಗೆ ಇಟ್ಟ ಹೆಸರು ‘ಕದಂಬ’. ತಾಳಗುಂದದ ಕಂಬ ಹೇಳುವ ಅದೇ ವಂಶದ ಹೆಸರು. ಅಂಥ ಕಟ್ಟಡದ ಬಲ ಸಣ್ಣ ಹಾಯಿದೋಣಿಯ ತಾಂಡೇಲನಿಗೆ ಇಲ್ಲ. ಅವನಿಗಿರುವುದು ಒಂದು ಲಂಗರು, ಇಷ್ಟು ಸರಪಳಿ, ಮತ್ತು ಕತ್ತಲಾಗುವ ಮುನ್ನ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು. ಯಾವುದೊಂದಕ್ಕೆ ಉತ್ತರ ಸಿಗದಿದ್ದರೂ, ನೆಲೆ ಎಷ್ಟೇ ಚೆಲುವಾಗಿರಲಿ, ಬೆಳಕಿರುವಾಗಲೇ ಮುಂದಿನದಕ್ಕೆ ಹಾಯಿ ಬಿಚ್ಚುವುದು ಲೇಸು.